ನಿರ್ಣಯ ಓದುವ ಮುನ್ನ

ಅವನನ್ನು ಕಂಡದ್ದೇ ತಡ, ಡೆಲ್ಫೀನಳ ಬೆರಳುಗಳು ಸಡಿಲವಾದವು.

ರಾಜಧಾನಿ ಆಸ್ಟಿನ್ನಿನ ಶಾಸನಸಭಾ ಭವನದ ಗುಮ್ಮಟದ ಕೆಳಗೆ, ಕೊರಳಲ್ಲಿ ಅಲ್ಲಿನ ನೌಕರರ ಗುರುತುಚೀಟಿ ಹಾಕಿಕೊಂಡು, ಕಡತ ಹಿಡಿದು ನಿಂತಿದ್ದವನು ಥೆರನ್! ಮೂರು ವರ್ಷದ ಹಿಂದೆ, ಒಂದು ಮಾತೂ ಹೇಳದೆ ಲಫ್ಕಿನ್ ಊರನ್ನೂ ಅವಳನ್ನೂ ಬಿಟ್ಟು ಬಂದವನು.

“ಡೆಲ್... ನೀನಾ?”

‘ಹಾಗೆ ಕರೆಯೋ ಹಕ್ಕು ಇವನಿಗೆ ಇನ್ನೂ ಇದೆಯಾ?’ ಅವಳು ಮುಖ ತಿರುಗಿಸಿ ಕೆಳಗೆ ನೋಡಿದಳು.

ಹಿಡಿದಿದ್ದ ಪುಟ್ಟ ಕೈ ಇರಲಿಲ್ಲ.

“ಜೂನೋ! ಜೂನೋ ಎಲ್ಲಿ?!”

ಅವಳು ಕೆಲಸ ಮಾಡುವ ಪೈನ್ ಹಿಲ್ ಶಿಶುವಿಕಾಸ ಕೇಂದ್ರಕ್ಕೆ ಐವತ್ತು ವರ್ಷ. ಇನ್ನು ಅರ್ಧ ಗಂಟೆಯಲ್ಲಿ ಸಭೆ ಅದಕ್ಕೊಂದು ಅಭಿನಂದನಾ ನಿರ್ಣಯ ಓದಲಿತ್ತು. ಕೇಂದ್ರ ಕಟ್ಟಿದ ಮುದುಕಿ ಓರಲೀ ಹತ್ತು ಮಕ್ಕಳೊಂದಿಗೆ ಆಗಲೇ ಮೇಲಿನ ಗ್ಯಾಲರಿಯಲ್ಲಿ ಕುಳಿತಿದ್ದಳು. ಹನ್ನೊಂದನೆಯವಳು, ನಾಲ್ಕು ವರ್ಷದ ಜೂನೋ, ಡೆಲ್ಫೀನಳ ಪಾಲು.

“ಜೂನೋ!” ಥೆರನ್ ಕೂಗಿದ.

“ಕೂಗಿ ಏನು ಪ್ರಯೋಜನ? ಅವಳಿಗೆ ಕಿವಿ ಕೇಳಲ್ಲ!” ಡೆಲ್ಫೀನ್ ಬಾಗಿಲಿನತ್ತ ಕೈ ತೋರಿಸಿದಳು. “ಹೊರಗೆ ರಸ್ತೆ ಇದೆ ಥೆರನ್... ಹಿಂದಿಂದ ಕಾರು ಬಂದ್ರೂ ಅವಳಿಗೆ ಗೊತ್ತಾಗಲ್ಲ...”

ಅವನು ಓಡಿಹೋಗಿ ನಾಲ್ಕೂ ಬಾಗಿಲಿನ ಕಾವಲಿನವರಿಗೆ ಹೇಳಿ ಬಂದ. ಪ್ರವಾಸ ಬಂದ ಶಾಲಾಮಕ್ಕಳ ನೂರಾರು ತಲೆಗಳ ನಡುವೆ ಡೆಲ್ಫೀನ್ ಜೂನೋಳ ಹಳದಿ ಫ್ರಾಕು ಹುಡುಕಿದಳು. ಒಂದು ಹಳದಿ ಕಂಡಿತು... ಬೇರೆ ಮಗು! ಇನ್ನೊಂದು... ಬರೀ ಚೀಲ!

‘ದೇವರೇ, ನನ್ನ ಕೈಯೇ ಬಿಟ್ಟಿತಲ್ಲ... ಅವಳ ಅಮ್ಮನಿಗೆ ಏನಂತ ಹೇಳಲಿ?’

“ಡೆಲ್, ಅಳಬೇಡ. ಯೋಚನೆ ಮಾಡು. ಅವಳಿಗೆ ಏನಿಷ್ಟ?”

“ನಡುಗೋದು! ಏನಾದ್ರೂ ನಡುಗ್ತಿದ್ರೆ ಕೆನ್ನೆ ಒತ್ತಿ ಕೂತ್ಬಿಡ್ತಾಳೆ. ಕೇಂದ್ರದಲ್ಲಿ ಬಟ್ಟೆ ಒಗೆಯೋ ಮಷೀನು ಬಿಟ್ಟು ಏಳೋದೇ ಇಲ್ಲ.”

“ಹಳೇ ಲಿಫ್ಟು!” ಥೆರನ್ ಅವಳ ತೋಳು ಹಿಡಿದು ಓಡಿದ.

ಹಿಂದಿನ ಓಣಿಯಲ್ಲಿ, ಗುಂಯ್‌ಗುಡುವ ಲಿಫ್ಟಿನ ಪಕ್ಕದ ಗೋಡೆಗೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿ, ಜೂನೋ ನಗುತ್ತಿದ್ದಳು!

ಡೆಲ್ಫೀನ್ ಅಲ್ಲೇ ನೆಲಕ್ಕೆ ಕುಸಿದು ಮಗುವನ್ನು ಅಪ್ಪಿಕೊಂಡಳು. ಅವಳ ಮೈಯೆಲ್ಲ ನಡುಗುತ್ತಿತ್ತು. ಅದೂ ಜೂನೋಗೆ ಇಷ್ಟವಾಯಿತೇನೋ, ಡೆಲ್ಫೀನಳ ಎದೆಗೇ ಕೆನ್ನೆ ಒತ್ತಿದಳು.

“ನಿನ್ನ ನೋಡಿ ಕೈ ಬಿಟ್ಟೆ,” ಎಂದಳು ಡೆಲ್ಫೀನ್ ಸಿಟ್ಟಿನಿಂದ. “ನೀನು ನನ್ನ ಬಿಟ್ಟ ಹಾಗೆ.”

“ನಾನಾ? ಅವತ್ತು ಉಂಗುರ ತಗೊಂಡು ಚರ್ಚ್ ಊಟಕ್ಕೆ ಬಂದಿದ್ದೆ ಡೆಲ್. ‘ಕೇಂದ್ರದಲ್ಲಿ ನಲವತ್ತು ಮಕ್ಕಳಿದ್ದಾರೆ ನಂಗೆ, ಗಂಡ ಯಾಕೆ ಬೇಕು’ ಅಂತ ನೀನೇ ಹೇಳ್ತಿದ್ದೆ. ಬಾಗಿಲಲ್ಲೇ ಕೇಳಿಸ್ಕೊಂಡೆ.”

“ಅಯ್ಯೋ ಪೆದ್ದ! ನನ್ನ ರೇಗಿಸ್ತಿದ್ದ ಹೆಂಗಸರ ಬಾಯಿ ಮುಚ್ಸೋಕೆ ಹೇಳಿದ್ದು ಅದು! ಒಂದು ಮಾತು ಕೇಳೋಕಾಗ್ಲಿಲ್ವಾ?”

“ಭಯ ಆಯ್ತು. ನಿನ್ನ ಬಾಯಲ್ಲೇ ‘ಬೇಡ’ ಅಂತ ಕೇಳೋಕೆ.” ಅವನು ತಲೆ ತಗ್ಗಿಸಿದ. “ಇವತ್ತಿನ ನಿರ್ಣಯ ಬರೆದವನು ನಾನೇ. ನೀನು ಬಂದೇ ಬರ್ತೀಯ ಅಂತ...”

ಡೆಲ್ಫೀನಳ ಕಣ್ಣು ತುಂಬಿತು. ಮೂರು ವರ್ಷ... ಒಂದು ಮಾತಿಗೆ!

ಗ್ಯಾಲರಿಗೆ ಬಂದಾಗ ಓರಲೀ ಗುರ್ರೆಂದಳು: “ಎಲ್ಲಿ ಹಾಳಾಗಿ ಹೋಗಿದ್ರಿ? ನನ್ನ ಜೀವವೇ ಬಾಯಿಗೆ ಬಂದಿತ್ತು!” ಥೆರನ್‌ನನ್ನು ಕಂಡು, “ಓಹೋ, ಇವನೂ ಸಿಕ್ಕಿದ್ನಾ?” ಎಂದಳು.

ಕೆಳಗೆ ಗುಮಾಸ್ತ ಕೇಂದ್ರದ ಹೆಸರು ಓದಿದ. ಎಲ್ಲರೂ ಎದ್ದು ನಿಂತರು. ಸಭೆಯಿಡೀ ಚಪ್ಪಾಳೆ! ಓರಲೀ ಗಲ್ಲ ಒರೆಸಿಕೊಂಡಳು.

ಆ ಸದ್ದಿನಲ್ಲಿ ಥೆರನ್ ಪಿಸುಗುಟ್ಟಿದ, “ಶನಿವಾರ ಲಫ್ಕಿನ್‌ಗೆ ಬರ್ಲಾ?”

“ಬೇಡ.”

ಅವನು ಕಡತ ಎದೆಗೊತ್ತಿಕೊಂಡು ಹಿಂದೆ ಸರಿದ.

“ಶನಿವಾರದ ಹೊತ್ತಿಗೆ ನೀನು ಮತ್ತೆ ಹೆದರ್ಕೊಂಡ್ರೆ?” ಡೆಲ್ಫೀನ್ ಅವನತ್ತ ತಿರುಗಿದಳು. “ನಮ್ಮ ಬಸ್ಸಲ್ಲಿ ಒಂದು ಸೀಟು ಖಾಲಿ ಇದೆ. ಇವತ್ತೇ ಬಾ.”