ಕೈಪಿಡಿಯ ಕೊನೆಯ ಹಾಳೆ

"ಚೀನಾನಾ?" ಎಂದಳು ನೂರೈನ್, ಕೈಯಲ್ಲಿದ್ದ ಅಚ್ಚಿನ ಮೊಳೆಯನ್ನು ಗೂಡಿಗೆ ಹಾಕುವುದನ್ನೂ ಮರೆತು. "ತಿಪಟೂರಲ್ಲಿ ಚೀನಾ ಪುಸ್ತಕ ಯಾರು ಓದ್ತಾರೆ ಮೇಷ್ಟ್ರೇ?"

"ನೀವು ಓದ್ತೀರಲ್ಲ. ಕಂಪೋಸ್ ಮಾಡ್ಬೇಕಾದ್ರೆ ಓದ್ಲೇಬೇಕು. ಅಲ್ಲಿಗೆ ಒಬ್ಬರಾಯ್ತು," ಎಂದ ಉಮರ್ ಫಾರೂಖ್.

ಅದು ಅವರ ಮೊದಲ ಮಾತು, ಒಂದು ವರ್ಷದ ಹಿಂದಿನದು. ಉಮರ್ ತುರುವೇಕೆರೆ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಚೀನೀ ಭಾಷೆಯ ಒಂದಕ್ಷರವೂ ಬಾರದು. ಇಂಗ್ಲಿಷಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿ, ಕನ್ನಡದವರು ಚೀನೀ ಕತೆ, ಕವಿತೆಗಳನ್ನು ಹೇಗೆ ಓದಬೇಕು ಎಂದು ಹೇಳುವ ಕೈಪಿಡಿ ಬರೆಯಲು ಹೊರಟಿದ್ದ. ಇಂಥ ಹುಚ್ಚು ಹತ್ತುವುದಕ್ಕೂ ಪುಣ್ಯ ಬೇಕು.

ನೂರೈನಳ ಅಬ್ಬಾ ನೂರ್ ಅಹಮದ್ ಅವರ ಪ್ರೆಸ್ಸು ತಿಪಟೂರಿನ ಮಾರ್ಕೆಟ್ ಯಾರ್ಡಿನ ಎದುರಿಗಿತ್ತು. ಮದುವೆ ಕಾರ್ಡು, ಪರೀಕ್ಷೆ ಪೇಪರು, ಕೊಬ್ಬರಿ ಮಂಡಿಯವರ ಹ್ಯಾಂಡ್‌ಬಿಲ್ಲು, ಇಷ್ಟೇ ಅಲ್ಲಿನ ಸಾಹಿತ್ಯ. ತೊಂಬತ್ತಾರನೇ ಇಸವಿಯಲ್ಲಿ ದೊಡ್ಡ ಊರುಗಳಿಗೆ ಕಂಪ್ಯೂಟರ್ ಬಂದಿದ್ದರೂ ಇಲ್ಲಿ ಇನ್ನೂ ಸೀಸದ ಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಜೋಡಿಸಬೇಕಿತ್ತು. ಮೊಳೆಯ ಮೇಲೆ ಅಕ್ಷರ ತಿರುಗುಮುರುಗಾಗಿರುತ್ತದೆ. ಹತ್ತು ವರ್ಷ ಅದೇ ಕೆಲಸ ಮಾಡಿದ ನೂರೈನ್ ಕನ್ನಡಿಯೊಳಗಿನ ಬರಹವನ್ನು ನೀರು ಕುಡಿದಷ್ಟು ಸುಲಭವಾಗಿ ಓದುತ್ತಿದ್ದಳು.

ಮೊದಲ ದಿನವೇ ಅವಳು ಒಂದು ಕಟ್ಟಳೆ ಹಾಕಿದ್ದಳು.

"ಹಾಳೆಯ ಒಂದೇ ಮಗ್ಗುಲಲ್ಲಿ ಬರೀಬೇಕು. ಹಿಂದುಗಡೆ ಬರೆದಿದ್ದನ್ನ ನಾನು ನೋಡೋದೂ ಇಲ್ಲ, ಕಂಪೋಸ್ ಮಾಡೋದೂ ಇಲ್ಲ."

"ಅಂದ್ರೆ ಅಚ್ಚಾಗಬಾರದ್ದನ್ನೆಲ್ಲ ಹಿಂದುಗಡೆ ಬರೀಬೋದು?"

ನೂರೈನ್ ನಗು ತಡೆದುಕೊಂಡು ಮೊಳೆಯ ಗೂಡಿನತ್ತ ತಿರುಗಿದ್ದಳು.

ಅಂದಿನಿಂದ ಪ್ರತಿ ಬುಧವಾರ, ಪಾಠವಿಲ್ಲದ ದಿನ, ಉಮರ್ ತಾನೇ ಬರುತ್ತಿದ್ದ. ಶನಿವಾರ ಕಾಲೇಜು ಇರುತ್ತಿದ್ದುದರಿಂದ ಅಂದಿನ ಹಾಳೆಗಳು ಅವನ ತಂದೆ ಮುಜಾಫರ್ ಸಾಬರ ಕೊಬ್ಬರಿ ವ್ಯಾನಿನಲ್ಲಿ, ಮೂಟೆಗಳ ಜೊತೆ ಬರುತ್ತಿದ್ದವು. ತಂದುಕೊಡುವವನು ಹಮಾಲಿ ದೊಡ್ಡರಂಗಯ್ಯ.

ಇಬ್ಬರ ಮನೆಮಾತೂ ಉರ್ದು. ಆದರೂ ಪ್ರೆಸ್ಸಿನೊಳಗೆ ಅವರು ಕನ್ನಡ ಬಿಟ್ಟು ಬೇರೆ ಆಡಲಿಲ್ಲ. "ಉರ್ದುವಲ್ಲಿ ಮಾತಾಡಿದ್ರೆ ನೀವು ನಮ್ಮ ಚಾಚಾನ ಕಡೆಯೋರ ಥರ ಕಾಣ್ತೀರಿ ಕಣ್ರೀ," ಎಂದಿದ್ದಳು ನೂರೈನ್. ಉಮರ್‌ಗೆ ಚಾಚಾನ ಕಡೆಯವನಾಗುವ ಆಸೆ ಕಿಂಚಿತ್ತೂ ಇರಲಿಲ್ಲ.

ಅವಳಿಗೆ ಮೊದಮೊದಲು ಆ ಹೆಸರುಗಳೇ ತಲೆನೋವು. "ಒಂದೇ ಕಾದಂಬರಿಯಲ್ಲಿ ನಾನೂರು ಜನ! ಎಲ್ಲರ ಹೆಸರೂ ಒಂದೇ ಥರ. ನೆನಪಿಡೋದು ಹೆಂಗೆ?"

"ಅವರಲ್ಲಿ ಮನೆತನದ ಹೆಸರು ಮೊದಲು, ಮನುಷ್ಯನ ಹೆಸರು ಆಮೇಲೆ. ನಮ್ಮಲ್ಲಿ ನೊಣವಿನಕೆರೆ ಗಂಗಯ್ಯ, ಕಂದಿಕೆರೆ ಲಕ್ಕಯ್ಯ ಅನ್ನಲ್ವಾ, ಹಾಗೆ."

"ಇದನ್ನ ಬರೀಬಾರ್ದಾ ಮತ್ತೆ?"

ಮುಂದಿನ ವಾರ ಅದು ಹಾಳೆಯಲ್ಲಿತ್ತು, ಗಂಗಯ್ಯ ಲಕ್ಕಯ್ಯನ ಸಮೇತ. ಇನ್ನೊಂದು ಸಲ, ಚೀನೀ ಕತೆಯಲ್ಲಿ ಅಪ್ಪನ ಅಣ್ಣನಿಗೆ ಒಂದು ಹೆಸರು, ತಮ್ಮನಿಗೆ ಇನ್ನೊಂದು ಎಂದು ಉಮರ್ ಬರೆದಿದ್ದ. ಇಂಗ್ಲಿಷಿನವರು ಎಲ್ಲರನ್ನೂ ಅಂಕಲ್ ಮಾಡಿ ಕೆಡಿಸಿದರು, ನಾವು ದೊಡ್ಡಪ್ಪ, ಚಿಕ್ಕಪ್ಪ ಎಂದೇ ಓದಿಕೊಳ್ಳಬಹುದು ಎಂದೂ ಸೇರಿಸಿದ್ದ. ಅದನ್ನು ಜೋಡಿಸುವಾಗ ನೂರೈನ್‌ಗೆ ಚೀನಾ ನೊಣವಿನಕೆರೆಯಿಂದ ಎರಡು ಸ್ಟಾಪ್ ಆಚೆ ಇದ್ದಂತೆ ಅನಿಸಿತು. ಅವಳು ಅರ್ಥವಾಗದ ಕಡೆ ಪೆನ್ಸಿಲಿನಲ್ಲಿ ಪ್ರಶ್ನೆ ಹಾಕುವಳು, ಅವನು ಆ ಪುಟವನ್ನೇ ಬದಲಿಸಿ ತರುವನು. ಹೀಗೆ ಐನೂರು ಪ್ರತಿಯ ಪುಸ್ತಕ ಓದುವವಳೊಬ್ಬಳಿಗಾಗಿ ಬರೆಯಿಸಿಕೊಳ್ಳುತ್ತ ಹೋಯಿತು.

ಉಮರ್ ಅವಳ ಮುಖವನ್ನು ನೇರ ನೋಡುತ್ತಿರಲಿಲ್ಲ. ಗೋಡೆಯ ಮೇಲೆ ಗಾಜು ಹಾಕಿದ ಲೈಸೆನ್ಸಿನ ಫ್ರೇಮ್ ಇತ್ತು. ಅವಳು ಕೆಲಸದಲ್ಲಿದ್ದಾಗ ಅವನ ಕಣ್ಣು ಆ ಗಾಜಿನ ಮೇಲೆ. ತಿರುಗುಮುರುಗಾದದ್ದನ್ನು ಓದುವುದೇ ಕಸುಬಾದವಳಿಗೆ ಇದು ತಿಳಿಯದೇ? ಗಾಜಿನಲ್ಲೇ ಅವನ ಕಣ್ಣನ್ನು ಹಿಡಿದು ಹುಬ್ಬೇರಿಸುವಳು. ಮೇಷ್ಟ್ರು ತಟ್ಟನೆ ಲೈಸೆನ್ಸಿನ ಷರತ್ತುಗಳನ್ನು ಓದತೊಡಗುವರು.

ಆದರೆ ಬಾಯಿ? ಅದೊಂದು ಬಿಡುತ್ತಿರಲಿಲ್ಲ.

"ಹಳೇ ಚೀನೀ ಕವಿ ದುಃಖ ಆಯ್ತು ಅನ್ನಲ್ಲ," ಎಂದು ಒಂದು ದಿನ ವಿವರಿಸಿದ. "ದೋಣಿ ಹೋಯ್ತು, ನದಿ ಉಳೀತು ಅಂತಾನೆ. ಹೇಳದೆ ಬಿಟ್ಟಿದ್ದನ್ನ ಓದುಗ ಓದ್ಕೋಬೇಕು."

"ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ," ಎಂದಳು ನೂರೈನ್. "ನಿಮ್ಮ ಕವಿಗಳಿಗೆ ಬಾಯಿ ಇರ್ಲಿಲ್ವಾ ಮೇಷ್ಟ್ರೇ?"

"ಇತ್ತು. ಧೈರ್ಯ ಇರ್ಲಿಲ್ಲ ಅನ್ಸುತ್ತೆ."

ಅವಳು ಕಾದಳು. ಅವನು ಕೊಡೆ ತೆಗೆದುಕೊಂಡು ಬಸ್ಸಿಗೆ ಹೋದ.

ಏಪ್ರಿಲ್‌ನ ಒಂದು ಬುಧವಾರ ಎಲ್ಲವೂ ಕೆಟ್ಟಿತು. ನೂರ್ ಅಹಮದ್ ಪ್ರೂಫ್ ಕಟ್ಟುತ್ತ, "ಮೇಷ್ಟ್ರೇ, ಬರೋ ವಾರ ಶುಕ್ರವಾರ ಅರಸೀಕೆರೆಯಿಂದ ನಮ್ಮ ನೂರೈನ್‌ನ ನೋಡೋಕೆ ಬರ್ತಾವ್ರೆ. ಹುಡುಗಂದು ಟೈರ್ ಅಂಗಡಿ. ಕೂಡಿಬಂದ್ರೆ ಕಾರ್ಡು ನಮ್ಮಲ್ಲೇ ಅಚ್ಚು!" ಎಂದು ನಕ್ಕರು.

ನೂರೈನ್ ಗಾಜಿನ ಕಡೆ ನೋಡಿದಳು. ಉಮರ್ ಅಲ್ಲಿ ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದ.

"ಒಳ್ಳೇದಾಯ್ತು," ಎಂದ.

ಒಳ್ಳೇದಾಯ್ತಂತೆ! ಆ ಮಾತಿಗೆ ಅವಳಿಗೆ ಬಂದ ಸಿಟ್ಟಿಗೆ ಅಂದು ಸಂಜೆ ಜೋಡಿಸಿದ ಮದುವೆ ಕಾರ್ಡಿನಲ್ಲಿ ವರನ ಹೆಸರು ವಧುವಿನ ಜಾಗಕ್ಕೆ ಹೋಯಿತು.

ರಾತ್ರಿ ಊಟದ ಹೊತ್ತಿಗೆ ಅಬ್ಬಾ ಮೆತ್ತಗೆ ಹೇಳಿದರು: "ಬೇಟಿ, ನಿನ್ನ ಒಪ್ಪಿಗೆ ಇಲ್ಲದೆ ನಾನು ಹೂಂ ಅನ್ನೋದಿಲ್ಲ. ಬೇಡ ಅನ್ನು, ಬೇಡ ಅಂತ ಹೇಳಿಕಳಿಸ್ತೀನಿ. ಆದರೆ ಅವರಿಗೆ ಹೇಳೋಕೆ ಒಂದು ಕಾರಣ ಕೊಡು."

ಏನು ಕಾರಣ ಕೊಡುವುದು? ಒಬ್ಬರು ಲೈಸೆನ್ಸಿನ ಗಾಜು ನೋಡುತ್ತಾರೆ ಎಂದೇ? ನೂರೈನ್ ಸುಮ್ಮನೆ ರೊಟ್ಟಿ ಮುರಿದಳು. ಹೆಣ್ಣು ಸುಮ್ಮನಿದ್ದರೆ ಒಪ್ಪಿಗೆ ಎಂದು ತಿಳಿಯುವ ಜನ. ಶುಕ್ರವಾರದೊಳಗೆ ಮೇಷ್ಟ್ರ ಬಾಯಿಂದ ಒಂದು ಮಾತು ಬರಬೇಕಿತ್ತು.

ಶನಿವಾರ ಮಧ್ಯಾಹ್ನ ದೊಡ್ಡರಂಗಯ್ಯ ಬಾಗಿಲಲ್ಲಿ ತಲೆ ಕೆರೆಯುತ್ತ ನಿಂತ.

"ಬೈಬ್ಯಾಡ ಕಣವ್ವಾ. ತಪ್ಪಾಗೋಯ್ತು. ಕಾಗ್ದ ಗಾಳಿಗೆ ಹಾರ್ಕೊಂಡೋದಾವು ಅಂತ ಚೂರು ಕೊಬ್ರಿ ಮೂಟೆ ಕೆಳಗ್ಮಡಗಿ, ಮ್ಯಾಲೆ ನಾನೇ ಕುಂತ್ಕಂಡಿದ್ದೆ. ಬೆಳಗ್ಗಿಂದ ಬಿಸ್ಲು. ಈಗ ನೋಡುದ್ರೆ ಹಿಂಗಾಗದೆ."

ಗಾಣಕ್ಕೆ ಹೋಗುವ ಒಡೆದ ಕೊಬ್ಬರಿ ಅದು. ಬೇಸಿಗೆಯ ಬಿಸಿಲಿಗೆ, ದೊಡ್ಡರಂಗಯ್ಯನ ಭಾರಕ್ಕೆ ಎಣ್ಣೆ ಇಳಿದು ಹಾಳೆಗಳನ್ನು ತೋಯಿಸಿತ್ತು. ಶಾಯಿ ಮಾತ್ರ ಕದಡಿರಲಿಲ್ಲ.

"ಬುಡು ರಂಗಯ್ಯ, ಓದೋಕೆ ಬರುತ್ತೆ," ಎಂದಳು.

ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ಇನ್ನೂ ಎರಡು ಅಧ್ಯಾಯ ಇವೆ, ಇವತ್ತಿನ ಚೀನೀ ಲೇಖಕಿಯರ ಬಗ್ಗೆ ಬರೆಯುತ್ತೇನೆ ಎಂದು ಉಮರ್ ಹೇಳಿದ್ದ. ಅವು ಇರಲಿಲ್ಲ. ಕೊನೆಯ ಹಾಳೆಯಲ್ಲಿ ನಾಲ್ಕೇ ಸಾಲು, ಅದರ ಕೆಳಗೆ "ಇಲ್ಲಿಗೆ ಕೈಪಿಡಿ ಮುಗಿಯಿತು" ಎಂಬ ಒಂದು ಸಾಲು. ಮುಗಿಯಿತು ಎಂದರೆ ಇನ್ನು ಬುಧವಾರಗಳಿಲ್ಲ.

ಆ ಹಾಳೆ ಯಾಕೋ ದಪ್ಪಗಿತ್ತು. ನೋಡಿದರೆ ಹಿಂಬದಿಗೆ ಇನ್ನೊಂದು ಖಾಲಿ ಹಾಳೆಯನ್ನು ಗೋಂದು ಹಚ್ಚಿ ಅಂಟಿಸಿದ್ದರು. ಆಗ ಅವಳ ಕಣ್ಣು ಹಾಳೆಯ ಕೆಳಗಿನ ಖಾಲಿ ಜಾಗಕ್ಕೆ ಹೋಯಿತು. ಎಣ್ಣೆ ಕುಡಿದ ಕಾಗದ ಗಾಜಿನಂತಾಗಿ, ಒಳಗಡೆ ಏನೋ ಗೀಚಿದ್ದು ಕಾಣುತ್ತಿತ್ತು.

"ಏನವ್ವ ಅದು, ಚೀನಾ ಬರಹವಾ?" ಎಂದು ದೊಡ್ಡರಂಗಯ್ಯ ಬಗ್ಗಿ ನೋಡಿದ.

ಚೀನಾ ಬರಹವಲ್ಲ. ಹಾಳೆಯ ಹಿಂಬದಿಯ ಕನ್ನಡ ಈ ಕಡೆಯಿಂದ ತಿರುಗುಮುರುಗಾಗಿ ಕಾಣುತ್ತಿತ್ತು, ಅಷ್ಟೇ. ತಿಪಟೂರಿನಲ್ಲಿ ಅದನ್ನು ನಿಂತ ನಿಲುವಿನಲ್ಲಿ ಓದಬಲ್ಲವರು ಎಷ್ಟು ಮಂದಿ ಇದ್ದರೋ. ನೂರೈನ್ ಕಿಟಕಿಯ ಬೆಳಕಿಗೆ ಹಿಡಿದು, ಮೊಳೆಯ ಸಾಲು ಓದುವಂತೆ ಬಲದಿಂದ ಎಡಕ್ಕೆ ಓದಿದಳು.

"ನೂರೈನ್, ಈ ಪುಸ್ತಕ ಶುರು ಮಾಡಿದ್ದು ಚೀನಾಕ್ಕಾಗಿ. ಮುಗಿಸದೆ ಎಳೆಯುತ್ತಿರುವುದು ನಿಮಗಾಗಿ. ಇದು ಮುಗಿದರೆ ನಿಮ್ಮ ಪ್ರೆಸ್ಸಿಗೆ ಬರಲು ನನಗೆ ನೆಪವಿಲ್ಲ. ನೆಪವಿಲ್ಲದೆ ಬರುವ ಹಕ್ಕು ಬೇಕು. ಕೊಡುತ್ತೀರಾ?"

ಅವಳು ಇನ್ನೊಮ್ಮೆ ಓದಿದಳು. ಮತ್ತೊಮ್ಮೆ ಓದಿದಳು. ಖುಷಿಗೆ ಕಣ್ಣಲ್ಲಿ ನೀರು ಬಂತು, ಬೆನ್ನಿಗೇ ಸಿಟ್ಟೂ ಬಂತು. ಬರೆದು, ಅರಸೀಕೆರೆಯ ಸುದ್ದಿ ಕೇಳಿ ಗೋಂದು ಹಚ್ಚಿದ್ದಾನೆ ಪುಣ್ಯಾತ್ಮ!

"ರಂಗಯ್ಯ, ಮೇಷ್ಟ್ರಿಗೆ ಹೇಳು. ಕೊನೆ ಹಾಳೆ ಎಣ್ಣೆಯಾಗಿ ಕೆಟ್ಟೋಗಿದೆ. ಬುಧವಾರ ಅವರೇ ಬಂದು ಸರಿಮಾಡ್ಬೇಕು."

"ನನ್ನ ಹೆಸ್ರು ಹೇಳ್ಬ್ಯಾಡ ಕಣವ್ವ."

"ನಿನ್ನ ಹೆಸರನ್ನ ಪುಸ್ತಕದ ಮೊದಲ ಪುಟಕ್ಕೇ ಹಾಕಿಸ್ತೀನಿ, ಹೋಗು."

ಬುಧವಾರ ಉಮರ್ ಬಂದಾಗ ಅಬ್ಬಾ ಹೊರಗೆ ಕಟ್ಟೆಯ ಮೇಲೆ ಕಾಗದದ ರೀಮು ಬಿಚ್ಚುತ್ತಿದ್ದರು. ಅವನ ಗಡ್ಡ ಎರಡು ದಿನದ್ದು, ಕಣ್ಣು ಕೆಂಪು.

"ಹಾಳೆ ಕೆಟ್ಟಿದೆ ಅಂದ್ರಂತೆ. ಬೇರೆ ಬರೆದುಕೊಡ್ತೀನಿ."

ನೂರೈನ್ ಹಾಳೆಯನ್ನು ಅವನೆದುರು ಇಟ್ಟಳು. ಉಮರ್ ಬಗ್ಗಿ ನೋಡಿದ. ಅವನ ಕಿವಿಯ ತುದಿ ಕೆಂಪಾಯಿತು, ಆಮೇಲೆ ಇಡೀ ಕಿವಿ.

"ಹಿಂದುಗಡೆ ಬರೀಬಾರ್ದು ಅಂತ ಹೇಳಿದ್ದೆ," ಎಂದಳು.

"ಹಿಂದುಗಡೆ ನೋಡಲ್ಲ ಅಂತಾನೂ ಹೇಳಿದ್ರಿ."

"ನೋಡಿಲ್ಲ. ಮುಂದುಗಡೆಯಿಂದಾನೇ ಓದಿದ್ದು." ಅವಳ ತುಟಿಯಂಚಿನಲ್ಲಿ ನಗು ಆಡಿತು. "ಹರಿದು ಹಾಕ್ಬೋದಿತ್ತಲ್ಲ. ಯಾಕೆ ಅಂಟಿಸಿದ್ರಿ?"

ಉಮರ್ ಲೈಸೆನ್ಸಿನ ಫ್ರೇಮಿನ ಕಡೆ ತಿರುಗಿದ. ಅಲ್ಲಿ ಫ್ರೇಮ್ ಇರಲಿಲ್ಲ. ನೂರೈನ್ ಬೆಳಗ್ಗೆಯೇ ಅದನ್ನು ಇಳಿಸಿ ಗೋಡೆಗೆ ಮುಖಮಾಡಿ ಇಟ್ಟಿದ್ದಳು. ಬೇರೆ ದಾರಿಯಿಲ್ಲದೆ ಅವಳ ಮುಖವನ್ನೇ ನೋಡಿದ.

"ಹರಿಯೋಕೆ ಮನಸ್ಸು ಬರ್ಲಿಲ್ಲ," ಎಂದ. "ಅರಸೀಕೆರೆ ಸಂಬಂಧ ನಿಮಗೆ ಒಪ್ಪಿಗೆ ಇದೆ ಅನ್ಕೊಂಡೆ. ನೀವು ಏನೂ ಅನ್ಲಿಲ್ಲ."

"ನೀವು ಒಳ್ಳೇದಾಯ್ತು ಅಂದ್ರಿ!"

ವರ್ಷವಿಡೀ, ಹೇಳದೆ ಬಿಟ್ಟದ್ದನ್ನು ಓದುವುದು ಹೇಗೆಂದು ಐನೂರು ಜನಕ್ಕೆ ಕಲಿಸಲು ಹೊರಟವರು ಇವರು.

ನೂರೈನ್ ಜೋಡಿಸಿಟ್ಟಿದ್ದ ಮೊಳೆಯ ಸಾಲೊಂದನ್ನು ತೆಗೆದು ಅವನ ಮುಂದೆ ಹಿಡಿದಳು.

"ಇದು ನನ್ನ ಉತ್ತರ. ಓದಿ."

ಉಮರ್ ಕಣ್ಣು ಕಿರಿದು ಮಾಡಿದ, ತಲೆ ಓರೆ ಮಾಡಿದ. "ತಿರುಗುಮುರುಗಾಗಿದೆ. ನಂಗೆ ಓದೋಕೆ ಬರಲ್ಲ."

"ಕೈ ಕೊಡಿ."

ಸಾಲಿಗೆ ಮಸಿ ಸವರಿ ಅವನ ಬಲ ಅಂಗೈ ಮೇಲೆ ಒತ್ತಿದಳು. ಅವಳ ಬೆರಳು ತಾಗಲಿಲ್ಲ, ತಣ್ಣಗಿನ ಮೊಳೆ ಮಾತ್ರ ತಾಗಿತು. ಎತ್ತಿದಾಗ ಅಂಗೈಯಲ್ಲಿ ಅಕ್ಷರ ನೆಟ್ಟಗೆ ಮೂಡಿತ್ತು: "ಶುಕ್ರವಾರಕ್ಕೆ ಮೊದಲು ಪೈಗಾಮ್ ಕಳಿಸಿ."

ಪೈಗಾಮ್ ಎಂದರೆ ಗಂಡಿನ ಮನೆಯ ಹಿರಿಯರು ಬಂದು ಹೆಣ್ಣು ಕೇಳುವುದು. ಉಮರ್ ಅಂಗೈಯನ್ನು ಓದಿದ. ಅವನ ಮುಖ ಅರಳುವುದನ್ನು ನೂರೈನ್ ಮೊದಲ ಸಲ ಗಾಜಿನ ನೆರವಿಲ್ಲದೆ ನೋಡಿದಳು.

"ಇವತ್ತೇ ಅಮ್ಮಿಗೆ ತೋರಿಸ್ತೀನಿ."

"ನಿಮ್ಮ ಅಮ್ಮಿಗೆ ಕನ್ನಡ ಓದೋಕೆ ಬರುತ್ತಾ?"

"ಇಲ್ಲ. ಉರ್ದು ಮಾತ್ರ."

"ಹಾಗಾದ್ರೆ ಬಾಯಿ ಬಿಟ್ಟು ಹೇಳ್ಬೇಕಾಗುತ್ತೆ ಮೇಷ್ಟ್ರೇ. ಮೊದಲು ಇಲ್ಲೇ ಅಭ್ಯಾಸ ಮಾಡ್ಕೊಳ್ಳಿ." ಅವಳ ದನಿ ಸಣ್ಣದಾಯಿತು. "ನಾನು ತಿರುಗುಮುರುಗಾಗಿ ಓದಿದ್ದೀನಿ. ಒಂದ್ಸಲ ನೇರವಾಗಿ ಹೇಳಿ."

ಉಮರ್ ಒಮ್ಮೆ ಬಾಗಿಲ ಕಡೆ ನೋಡಿದ, ಒಮ್ಮೆ ಅಂಗೈ ನೋಡಿದ. ಆಮೇಲೆ ದೋಣಿ, ನದಿ, ಚಂದ್ರ ಯಾವುದನ್ನೂ ನಡುವೆ ತರದೆ ಹೇಳಿದ.

"ನೂರೈನ್, ನಿಮ್ಮನ್ನ ಪ್ರೀತಿಸ್ತೀನಿ. ಮದುವೆ ಆಗ್ತೀರಾ?"

"ಹೂಂ," ಎಂದಳು ನೂರೈನ್. "ಆದ್ರೆ ಆ ಎರಡು ಅಧ್ಯಾಯ ಬರೀಬೇಕು. ಲೇಖಕಿಯರನ್ನ ಬಿಟ್ಟು ಮುಗಿಸಿದ್ರೆ ನಾನು ಅಚ್ಚು ಹಾಕಲ್ಲ."

ಗುರುವಾರ ಹನ್ನೊಂದು ಗಂಟೆಗೆ ಮುಜಾಫರ್ ಸಾಬರ ಕೊಬ್ಬರಿ ವ್ಯಾನು ಪ್ರೆಸ್ಸಿನೆದುರು ನಿಂತಿತು. ಗುರುವಾರ ಮಾರ್ಕೆಟ್ಟಿಲ್ಲ, ಆದರೂ ವ್ಯಾನು. ಮುಂದಿನ ಸೀಟಿನಿಂದ ಉಮರ್‌ನ ಅಮ್ಮಿ ಅಫ್ಸರ್ ಬಾನು, ರೇಷ್ಮೆ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಹುಷಾರಾಗಿ ಇಳಿದರು. ಹಿಂದೆ ಮುಜಾಫರ್ ಸಾಬರು. ಅವರ ಹಿಂದೆ, ಬಲಗೈ ಮುಷ್ಟಿ ಬಿಗಿಹಿಡಿದ ಮೇಷ್ಟ್ರು. ಮೂಟೆಗಳಿಲ್ಲದ ವ್ಯಾನಿನ ಹಿಂಭಾಗದಲ್ಲಿ ಒಗೆದ ಅಂಗಿ ಹಾಕಿಕೊಂಡ ದೊಡ್ಡರಂಗಯ್ಯ ಕುಳಿತಿದ್ದ.

ನೂರ್ ಅಹಮದ್ ಟ್ರೆಡಲ್ ಮೆಷಿನ್ ನಿಲ್ಲಿಸಿ ಕಣ್ಣುಜ್ಜಿಕೊಂಡರು. ತಟ್ಟೆ ನೋಡಿದರು, ಮೇಷ್ಟ್ರನ್ನು ನೋಡಿದರು, ಮಗಳ ಕಡೆ ತಿರುಗಿದರು.

"ಕಾರಣ ಕೇಳಿದ್ರಲ್ಲ ಅಬ್ಬಾ," ಎಂದಳು ನೂರೈನ್, ದುಪಟ್ಟಾ ಸರಿಮಾಡಿಕೊಳ್ಳುತ್ತ. "ಬಾಗಿಲಲ್ಲಿ ಬಂದು ನಿಂತಿದೆ. ಒಳಗೆ ಕರೀರಿ."