ಕೇಳದೆ ಸರಿಸಿದ ತೆರೆಗಳು

ತೆರೆಯನ್ನು ಸರಿಸುವ ಮೊದಲು ಆಚೆಗಿರುವವರನ್ನು ಕೇಳಬೇಕು. ಅವರು ಒಪ್ಪಿದ ಮೇಲೆಯೇ ಸರಿಸಬೇಕು. ನಿಯಮ ಇಷ್ಟೇ. ಮಗುವಿಗೂ ಅರ್ಥವಾಗುವಂಥದ್ದು. ಇದನ್ನು ಮಂತ್ರಿ ಮುರಿದ, ರಾಜ ಮುರಿದ, ಕೊನೆಗೆ ಯಾರಿಗೆ ಅನ್ಯಾಯವಾಗಿತ್ತೋ ಅವರೂ ಮುರಿದರು.

ಕಡಲ ನೀರು ಈಗಿನಷ್ಟು ಉಪ್ಪಾಗಿರದ ಕಾಲದಲ್ಲಿ ಶಂಖಾವತಿ ಎಂಬ ರಾಜ್ಯವಿತ್ತು. ಹಡಗುಗಳು ಬಂದು ನಿಲ್ಲುವ ಊರು, ಅತಿಥಿಗಳಿಗೆ ಕೊನೆಯಿಲ್ಲ. ಅವರು ಇಳಿದುಕೊಳ್ಳಲೆಂದು ರಾಜ ಪ್ರತಾಪಕೇತು ದೊಡ್ಡದೊಂದು ಬಿಡದಿ ಕಟ್ಟಿಸಲು ಹೊರಟ. ಅದರೊಳಗೊಂದು ಮಂದಿರ ಬೇಕು. ಬೆಳಿಗ್ಗೆ ಅದೇ ಸಭೆ, ಮಧ್ಯಾಹ್ನ ಅದೇ ಮದುವೆಮನೆ, ಸಂಜೆ ಅದೇ ನಾಟ್ಯಶಾಲೆ ಆಗಬೇಕು.

ನಾಡಿನ ಶಿಲ್ಪಿಗಳು ತಲೆಯಾಡಿಸಿದರು. "ಗೋಡೆ ಎದ್ದ ಮೇಲೆ ಮುಗೀತು ಪ್ರಭು. ಅದು ಕದಲೋದಿಲ್ಲ."

ಆಗ ಚೀನಾ ದೇಶದ ಹಡಗಿನಿಂದ ಯುನ್‌ಶೂ ಎಂಬ ವಾಸ್ತುಶಿಲ್ಪಿ ಇಳಿದಳು. "ನಮ್ಮಲ್ಲಿ ಚಾವಣಿಯ ಭಾರ ಹೊರುವುದು ಕಂಬ. ಗೋಡೆ ಸುಮ್ಮನೆ ನಿಂತಿರುತ್ತದೆ. ಸುಮ್ಮನೆ ನಿಂತದ್ದನ್ನು ಸರಿಸಬಹುದಲ್ಲ?" ಎಂದಳು.

ಕೆಂಪು ಕಂಬಗಳು ಎದ್ದವು. ಕಂಬಗಳ ನೆತ್ತಿಯಲ್ಲಿ ಒಂದು ಮರದ ತೋಳನ್ನು ಇನ್ನೊಂದು ತೋಳು ತಬ್ಬಿ ಹಿಡಿಯಿತು. ಒಂದು ಕಬ್ಬಿಣದ ಮೊಳೆಯೂ ಬೇಕಾಗಲಿಲ್ಲ. ಸೂರಿನ ಮೂಲೆಗಳು ಹಾರಲು ಹೊರಟ ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆದ್ದವು. ನಡುವೆ ಆಕಾಶ ಕಾಣುವ ಅಂಗಳ, ಅದಕ್ಕೆ ಹುಣ್ಣಿಮೆಯ ಚಂದ್ರನಂಥ ದುಂಡನೆಯ ಬಾಗಿಲು, ಬಾಗಿಲ ಹೊರಗೆ ಎರಡು ಕಲ್ಲಿನ ಸಿಂಹ. ಗೋಡೆಗಳ ಬದಲು ಬಿಳಿ ರೇಷ್ಮೆ ಬಿಗಿದ ತೆರೆಗಳು. ಬೆರಳಿನಿಂದ ತಳ್ಳಿದರೆ ಸಾಕು, ಜಾರುತ್ತಿದ್ದವು.

ಹಡಗು ಹತ್ತುವ ಮುನ್ನ ಯುನ್‌ಶೂ ನಿಯಮ ಹೇಳಿದಳು. "ಈ ಮರಕ್ಕೆ ಜೀವವಿದೆ. ನೀವು ಕೇಳದೆ ಬಿಟ್ಟವರು ಇಲ್ಲವೆಂದೇ ಈ ಮನೆ ತಿಳಿಯುತ್ತದೆ."

ಎಲ್ಲರೂ ತಲೆದೂಗಿದರು. ಹಾಗೆಂದರೇನು ಎಂದು ಒಬ್ಬರೂ ಕೇಳಲಿಲ್ಲ. ಕೇಳುವ ಅಗತ್ಯವಿಲ್ಲದವನು ಒಬ್ಬನಿದ್ದ. ಬಿಡದಿಯ ಪಾರುಪತ್ತೇಗಾರ ಜೃಂಭಕ. ಅವನು ಮಾಯಾವಿ. ಇಲ್ಲವಾದವರ ಆಯುಷ್ಯವನ್ನು ಕುಡಿದು ಬದುಕುವವನು.

ಮೊದಲು ಮಂತ್ರಿಯ ಮೊಮ್ಮಗನ ನಾಮಕರಣ. ನೆಂಟರು ಹೆಚ್ಚಾದರು. ತೆರೆಯಾಚೆ ಅಂಬಿಗರು ಉಣ್ಣುತ್ತಿದ್ದರು. "ಕೇಳ್ತಾ ಕೂತರೆ ಮುಹೂರ್ತ ಮೀರುತ್ತೆ ಸ್ವಾಮಿ," ಎಂದ ಜೃಂಭಕ. ಮಂತ್ರಿ ತಳ್ಳಿದ. ಆಚೆ ಊಟದ ಎಲೆಗಳಷ್ಟೇ ಇದ್ದವು, ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು. ರೇಷ್ಮೆಯ ಮೇಲೆ ಅಂಬಿಗರ ಚಿತ್ರ ಮೂಡಿತ್ತು, ಬಾಯಿಗೆ ಎತ್ತಿದ ಕೈ ಎತ್ತಿದಂತೆಯೇ. "ಎಷ್ಟು ಚೆನ್ನಾಗಿ ಬರೆದಿದ್ದಾರೆ!" ಎಂದರು ನೆಂಟರು. ಹೊರಗೆ ಕಲ್ಲಿನ ಸಿಂಹಗಳು ಕಣ್ಣು ಮುಚ್ಚಿಕೊಂಡವು.

ಆಮೇಲೆ ರಾಜನ ಹುಟ್ಟುಹಬ್ಬ. ಪರದೇಶದ ದೂತರಿಗೆ ಜಾಗ ಸಾಲಲಿಲ್ಲ. ತೆರೆಯಾಚೆ ಸಂಗಮ ಎಂಬವನು ನಾಗಸ್ವರ ನುಡಿಸುತ್ತಿದ್ದ. "ಪ್ರಭುಗಳು ಯಾರನ್ನಾದರೂ ಕೇಳೋದುಂಟೇ?" ಎಂದ ಜೃಂಭಕ. ರಾಜ ತಾನೇ ತಳ್ಳಿದ. ರಾಗ ನಡುವೆಯೇ ತುಂಡಾಗಿ ಬಿತ್ತು. ರಾಜ ರೇಷ್ಮೆಯ ಮೇಲೆ ಮೂಡಿದ ಚಿತ್ರವನ್ನು ನೋಡಿದ, ಅರ್ಥಮಾಡಿಕೊಂಡ, ಬೆವರಿದ, ಬಾಯಿ ಮುಚ್ಚಿಕೊಂಡ. ತಳ್ಳಿದವನು ಆಮೇಲೆ ಮಾತಾಡುವುದಿಲ್ಲ; ಜೃಂಭಕನಿಗೆ ಅದು ಗೊತ್ತಿತ್ತು. ಕಲ್ಲಿನ ಸಿಂಹಗಳು ಬಿಡದಿಗೆ ಬೆನ್ನು ತಿರುಗಿಸಿ ಕುಳಿತವು.

ಮೂರನೆಯದು ರಾಜಕುಮಾರಿಯ ಮದುವೆ. ಅಂದು ಸಂಗಮನ ತಂಗಿ ನಾಗಲೆ ಅಣ್ಣನನ್ನು ಹುಡುಕುತ್ತ ಬಂದಳು.

"ಬುದ್ಧೀ, ನಮ್ಮಣ್ಣ ಎಲ್ಲಿ?"

"ಅವನಾಗಲೇ ಊರಿಗೆ ಹೊರಟುಹೋದನಲ್ಲ!" ಎಂದ ಜೃಂಭಕ.

"ಬರಿಗಾಲಲ್ಲಾ? ಚಪ್ಪಲಿ ಬಾಗಿಲಲ್ಲೇ ಇದೆ."

ಅಷ್ಟರಲ್ಲಿ ಅವಳ ಕಣ್ಣು ರೇಷ್ಮೆಯ ಮೇಲೆ ಬಿತ್ತು. ಉಬ್ಬಿದ ಕೆನ್ನೆ, ಮುಚ್ಚಿದ ಕಣ್ಣು. ಚಿತ್ರದ ಹಣೆಯಿಂದ ಬೆವರ ಹನಿಯೊಂದು ಜಾರಿ ನೆಲಕ್ಕೆ ಬಿತ್ತು. ನಾಗಲೆ ಬಾಗಿ ಆ ಹನಿಯನ್ನು ಮುಟ್ಟಿ ನೋಡಿದಳು.

ಜೃಂಭಕ ಅವಳ ಕಿವಿಯಲ್ಲಿ ಹೇಳಿದ: "ಗಂಡಿನ ಕಡೆಯವರಿಗೆ ಜಾಗ ಬೇಕು. ಆ ಕೊನೆಯ ತೆರೆ ತಳ್ಳು. ನಿನ್ನ ಅಣ್ಣನನ್ನು ಬಿಡುತ್ತೇನೆ."

"ಆಚೆ ಯಾರಿದ್ದಾರೆ?"

"ಅಡುಗೆಯವರು. ಉಣ್ತಾ ಇದ್ದಾರೆ."

"ತಳ್ಳೋದಿಲ್ಲ."

ಅವನು ದೀಪವನ್ನು ಸಂಗಮನ ಚಿತ್ರದ ಹತ್ತಿರ ಹಿಡಿದ. "ಈಗ?"

"ತಳ್ಳೋದಿಲ್ಲ."

"ಹುಡುಗೀ, ಇದು ರಾಜಾಜ್ಞೆ!" ಎಂದ ಪ್ರತಾಪಕೇತು. ಅವಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ನಾಗಲೆ ತೆರೆಯ ಬಳಿ ಹೋದಳು. ಚೌಕಟ್ಟನ್ನು ತಟ್ಟಿದಳು. "ಅಮ್ಮಂದಿರಾ, ತೆರೆ ಸರಿಸಬಹುದಾ?"

"ಈಗ್ಲಾ?" ಎಂದಿತು ಒಳಗಿನಿಂದ ಒಂದು ಮುದಿ ಗಂಟಲು. "ಇನ್ನೂ ಸಾರೇ ಬಂದಿಲ್ಲ ಕಣೇ! ಬೆಳಗಿಂದ ನಿಂತು ಬೇಯಿಸಿದ್ದೀವಿ. ಅವರಿಗೇನಂತೆ ಅವಸರ? ಕಾಯೋಕೆ ಹೇಳು."

ಸಭೆ ದಂಗಾಯಿತು. ತೆರೆಯ ಆಚೆಯಿಂದ ಉತ್ತರ ಬಂದದ್ದನ್ನು ಆ ಮಂದಿರದಲ್ಲಿ ಯಾರೂ ಕೇಳಿರಲಿಲ್ಲ.

ನಾಗಲೆ ಓಡಿದಳು. ಅಣ್ಣನ ತೆರೆಯನ್ನು ತಟ್ಟಿದಳು. "ಅಣ್ಣಾ, ಒಳಗಿದ್ದೀಯಾ?"

ತುಂಡಾಗಿದ್ದ ರಾಗ ಮುಂದುವರಿಯಿತು. ಸಂಗಮ ರೇಷ್ಮೆಯಿಂದ ಕೆಳಗಿಳಿದ. ನಾಗಲೆ ಅಂಬಿಗರ ತೆರೆಯನ್ನೂ ತಟ್ಟಿದಳು. ಅವರೂ ಇಳಿದರು, ಕೈಯಲ್ಲಿ ತುತ್ತು ಹಿಡಿದೇ. ಅವರು ಇಳಿದಂತೆಲ್ಲ ಜೃಂಭಕನ ಕೂದಲು ಬೆಳ್ಳಗಾಯಿತು, ಬೆನ್ನು ಬಾಗಿತು, ಮಾಯೆ ಅವನನ್ನು ಬಿಟ್ಟುಹೋಯಿತು. ಅವನು ತೆವಳಿಕೊಂಡು ಒಂದು ತೆರೆಯ ಹಿಂದೆ ಅಡಗಿದ.

"ಅವನನ್ನೇನು ಕೇಳೋದು!" ಎಂದು ಕೂಗಿ ಸಂಗಮ ಆ ತೆರೆಯನ್ನು ತಳ್ಳಿದ. ಅಂಬಿಗರೂ ಕೈ ಹಾಕಿದರು.

ರೇಷ್ಮೆಯ ಮೇಲೆ ಜೃಂಭಕ ಮೂಡಿದ, ಬಾಯಿ ತೆರೆದುಕೊಂಡು.

ಜನ ಕುಣಿದರು. ರಾಜ ಸಂಗಮನ, ಅಂಬಿಗರ ಕಾಲಿಗೆ ಬಿದ್ದ. ಅಡುಗೆಯವರಿಗೆ ಸಾರು ಬಂತು, ರಾಜಕುಮಾರಿಯ ಮದುವೆಯೂ ಆಯಿತು. ಅಂದಿನಿಂದ ಶಂಖಾವತಿಯಲ್ಲಿ ಉಂಡವರೆಲ್ಲ ನೆಮ್ಮದಿಯಾಗಿ ಉಂಡು ಎದ್ದರು.

"ಈ ಚಿತ್ರ ಹೀಗೇ ಇರಲಿ," ಎಂದ ರಾಜ ಅಂದೇ, ಜೃಂಭಕನ ತೆರೆ ತೋರಿಸಿ. "ನೋಡಿದವರಿಗೆ ಬುದ್ಧಿ ಬರಲಿ."

"ಇದು ನ್ಯಾಯ!" ಎಂದಿತು ಸಭೆ.

"ಅಲ್ಲ," ಎಂದಳು ನಾಗಲೆ. "ಅವನನ್ನು ಎದುರಿಗೆ ನಿಲ್ಲಿಸಿ ಶಿಕ್ಷೆ ಕೊಡಿ ಪ್ರಭು. ಹೀಗಲ್ಲ."

"ನಿನಗೆ ಹುಚ್ಚಾ?" ಸಂಗಮ ಅವಳ ತೋಳು ಹಿಡಿದ. "ನನ್ನ ಆಯುಷ್ಯ ಕುಡಿದವನು ಕಣೇ ಅವನು!"

"ಗೊತ್ತು."

ಅವಳು ಅಣ್ಣನ ಕೈ ಬಿಡಿಸಿಕೊಂಡಳು. ಎಲ್ಲರೂ ನೋಡುತ್ತಿದ್ದಂತೆ ಜೃಂಭಕನ ತೆರೆಯ ಮುಂದೆ ನಿಂತು, ಚೌಕಟ್ಟನ್ನು ತಟ್ಟಿ, "ಒಳಗಿದ್ದೀಯಾ?" ಎಂದು ಕೇಳಿದಳು.