ಮಲತಾಯಿ ಎಂಬ ಸಾಕ್ಷ್ಯ

ಮಂಗಳವಾರ ಮಧ್ಯಾಹ್ನ ಆಸ್ಪತ್ರೆಯಿಂದ ಠಾಣೆಗೆ ಫೋನು ಬಂತು. ಆರು ವರ್ಷದ ಹುಡುಗಿಯ ಹೊಟ್ಟೆಯಲ್ಲಿ ಇಲಿ ಪಾಷಾಣ. ಇನ್ಸ್‌ಪೆಕ್ಟರ್ ಹೊರಡುವಷ್ಟರಲ್ಲಿ ಮಗುವಿನ ಅಜ್ಜಿಯೇ ಬಂದಳು. ಮಗಳು ತೀರಿಕೊಂಡ ಮೇಲೂ ಮೊಮ್ಮಗಳಿಗಾಗಿ ಅಳಿಯನ ಮನೆಯಲ್ಲೇ ಉಳಿದಿದ್ದವಳು.

"ಅಳಿಯ ಎರಡನೆಯವಳನ್ನ ಕಟ್ಕೊಂಡ್ನಲ್ಲ ಸಾಹೇಬ್ರೆ, ಅವಳದೇ ಕೆಲಸ" ಎಂದು ಬಿಕ್ಕಿಬಿಕ್ಕಿ ಅತ್ತಳು.

"ಮಲತಾಯಿ ಅಂದ್ಮೇಲೆ ಕೇಳೋದೇನಿದೆ ಸಾರ್" ಎಂದ ಹೆಡ್ ಕಾನ್‌ಸ್ಟೆಬಲ್. ಇನ್ಸ್‌ಪೆಕ್ಟರ್‌ಗೂ ಕೇಳಬೇಕೆನಿಸಲಿಲ್ಲ. ಎಫ್‌ಐಆರ್ ದಾಖಲಾಯಿತು.

ಮನೆಯ ಪಂಚನಾಮೆಯಲ್ಲಿ ಸಿಂಕಿನ ಕೆಳಗೆ ಪಾಷಾಣದ ಡಬ್ಬಿ ಸಿಕ್ಕಿತು. ಮಲತಾಯಿ ಬಾಗಿಲಿಗೊರಗಿ ನಿಂತಿದ್ದಳು. ಲಾರಿ ಓಡಿಸುವ ಗಂಡ ಊರಲ್ಲಿರಲಿಲ್ಲ.

"ಇದ್ಯಾಕೆ ಮನೇಲಿ?"

"ಇಲಿ ಕಾಟ ಇತ್ತು."

"ಮಗುಗೆ ಊಟ ಹಾಕೋರು ಯಾರು?"

"ಡ್ಯೂಟಿ ಇಲ್ದಾಗ ನಾನೇ."

ಹೆಡ್ ಕಾನ್‌ಸ್ಟೆಬಲ್ 'ನಾನೇ' ಎಂದಷ್ಟೇ ಬರೆದುಕೊಂಡ.

"ಕಣ್ಣಲ್ಲಿ ಒಂದು ಹನಿ ನೀರಿಲ್ವಲ್ಲಮ್ಮ?"

"ಅತ್ರೆ ನಂಬ್ತೀರಾ? ಮಗು ಹೇಗಿದೆ, ಅದನ್ನ ಹೇಳಿ ಮೊದ್ಲು."

ಎಂಥ ಕಲ್ಲೆದೆ ಎಂದುಕೊಂಡ ಇನ್ಸ್‌ಪೆಕ್ಟರ್ ಆಕೆಯನ್ನು ಬಂಧಿಸಿದರು. "ನಮಗೆ ಮೊದಲೇ ಗೊತ್ತಿತ್ತು" ಎಂದರು ನೆರೆಹೊರೆಯವರು. ಏನು ಗೊತ್ತಿತ್ತೆಂದು ಅವರನ್ನೂ ಯಾರೂ ಕೇಳಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಬುಧವಾರ ವೈದ್ಯರ ವರದಿ ಬಂತು. ಪಾಷಾಣ ಹೊಟ್ಟೆ ಸೇರಿದ್ದು ಮಂಗಳವಾರ ಬೆಳಿಗ್ಗೆ. ಅದನ್ನು ಓದಿದ ಮಹಿಳಾ ಕಾನ್‌ಸ್ಟೆಬಲ್ ಲಾಕಪ್ಪಿನ ಬಳಿ ಹೋದಳು.

"ನಿನ್ನೆ ಬೆಳಿಗ್ಗೆ ಎಲ್ಲಿದ್ದೆ ತಾಯಿ?"

"ನೂಲಿನ ಮಿಲ್ಲಲ್ಲಿ. ನೈಟ್ ಶಿಫ್ಟ್ ಮುಗಿದ್ರೂ ಬದಲಿ ಬಂದಿರ್ಲಿಲ್ಲ. ಮಧ್ಯಾಹ್ನ ಬಿಟ್ರು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಇಲ್ಲಿಗೆ ಕರ್ಕೊಂಡು ಬರುವಾಗ್ಲೇ ಹೇಳ್ದೆ. ನಕ್ಕುಬಿಟ್ರು."

ಮಿಲ್ಲಿನ ಮೇಲ್ವಿಚಾರಕನೂ ಅದನ್ನೇ ಹೇಳಿದ. ಇನ್ಸ್‌ಪೆಕ್ಟರ್ ಫೋನಿಟ್ಟರು. ಹಾಗಾದರೆ ಆ ಬೆಳಿಗ್ಗೆ ಮಗುವಿನೊಂದಿಗೆ ಮನೆಯಲ್ಲಿದ್ದದ್ದು ಒಬ್ಬಳೇ.

"ಈಗ ಮಗು ಹತ್ರ ಯಾರಿದ್ದಾರೆ?"

ಹೆಡ್ ಕಾನ್‌ಸ್ಟೆಬಲ್‌ ಜೀಪಿನ ಕೀಲಿ ಎತ್ತಿಕೊಂಡ. "ಅಜ್ಜಿ ಸಾರ್. ನಾವೇ ಕೂರಿಸಿ ಬಂದ್ವಿ."

ಜೀಪು ಆಸ್ಪತ್ರೆಗೆ ಧಾವಿಸಿತು. ವಾರ್ಡಿನ ಕೊನೆಯ ಮಂಚದ ಸುತ್ತ ಪರದೆ ಎಳೆದಿತ್ತು. ಒಳಗಿನಿಂದ ಮೆಲ್ಲಗಿನ ದನಿ: "ಒಂದೇ ಗುಟುಕು ಕಂದ, ಜಾಣೆ ಅಲ್ವಾ."

"ಬೇಡ. ಅಮ್ಮ ಬರ್ಲಿ. ಅಮ್ಮ ಕೊಟ್ರೆ ಕುಡೀತೀನಿ."

ಇನ್ಸ್‌ಪೆಕ್ಟರ್ ಪರದೆ ಸರಿಸಿ ಅಜ್ಜಿಯ ಕೈಯಿಂದ ಹಾಲಿನ ಲೋಟ ತೆಗೆದುಕೊಂಡರು. ತಳದಲ್ಲಿ ಕಪ್ಪು ಪುಡಿ ಇನ್ನೂ ಕರಗಿರಲಿಲ್ಲ. ಅಲ್ಲೇ ಪಂಚರನ್ನು ಕರೆಸಿ ಲೋಟಕ್ಕೆ ಸೀಲು ಹಾಕಿ, ಅಜ್ಜಿಯನ್ನು ಬಂಧಿಸಿದರು. ಸಂಜೆ ಮಲತಾಯಿಯ ಬಿಡುಗಡೆಯಾಯಿತು. ಇನ್ಸ್‌ಪೆಕ್ಟರ್ ಕ್ಷಮೆ ಕೇಳಲು ಮಾತು ಹುಡುಕುತ್ತಿರುವಾಗಲೇ ಆಕೆ, "ಯಾವ ವಾರ್ಡು?" ಎಂದು ಕೇಳಿ ಹೊರಟುಹೋದಳು.

ಅಜ್ಜಿ ತಪ್ಪೊಪ್ಪಿಕೊಂಡಳು. ಡಬ್ಬಿಯಿಂದ ತೆಗೆದಿಟ್ಟುಕೊಂಡದ್ದರಲ್ಲಿ ಮೊದಲ ಸಲ ಕೊಟ್ಟದ್ದು ಚಿಟಿಕೆಯಷ್ಟೇ, ಮಲತಾಯಿಯನ್ನು ಮನೆಯಿಂದ ಓಡಿಸಿದರೆ ಸಾಕಿತ್ತು ಎಂದಳು.

"ಜೈಲಿಗೆ ಹಾಕಿಸಿದ್ರೂ ಮಗು ಅವಳನ್ನೇ ಕೇಳ್ತಿತ್ತು ಸಾಹೇಬ್ರೆ. ಅವಳನ್ನ ಅಮ್ಮ ಅಂತ ಕರೆದ ದಿನ ನನ್ನ ಮಗಳು ಇನ್ನೊಂದು ಸಲ ಸತ್ಲು. ಆ ಸಲ ಅತ್ತಿದ್ದು ನಾನೊಬ್ಳೇ."